ನೀಲಾಂಬಿಕಾ ಮಾಡಿದ ಕಬ್ಬಿಣದ ಗುಳಿಗೆ

ನಾಗಪುರದ ಅಜನಿಯ ರೈಲ್ವೆ ಕಾಲೊನಿಯಲ್ಲಿ ಆಗ ಕನ್ನಡದವರ ಮನೆಗಳು ಹನ್ನೊಂದು. ಅಷ್ಟೂ ಮನೆಗಳಿಗೆ ಸಂಕ್ರಮಣದ ಕುಸುರೆಳ್ಳು ಹೋಗುತ್ತಿದ್ದುದು ಒಂದೇ ಅಡುಗೆಮನೆಯಿಂದ, ನೀಲಾಂಬಿಕಾಬಾಯಿಯ ಅಡುಗೆಮನೆಯಿಂದ. ಸಣ್ಣ ಕೆಂಡದ ಮೇಲೆ ಹಿತ್ತಾಳೆ ಪರಾತ ಇಟ್ಟು, ಎಳ್ಳಿನ ಮೇಲೆ ಅರ್ಧ ಚಮಚೆ ಸಕ್ಕರೆ ಪಾಕ ಬಿಟ್ಟು, ಬೆರಳ ತುದಿಯಿಂದ ಆಡಿಸುತ್ತ ಕೂಡಬೇಕು. ಒಣಗಿತೆಂದರೆ ಮತ್ತೆ ಅರ್ಧ ಚಮಚೆ. ಹೀಗೆ ನಾಲ್ಕು ದಿನ ಕೂತರೆ ಎಳ್ಳಿಗೆ ಸಕ್ಕರೆಯ ಮುಳ್ಳು ಮೂಡುತ್ತದೆ. ಅವಸರ ಮಾಡಿದರೆ ಮುದ್ದೆಯಾಗುತ್ತದೆ. ಈ ತಾಳ್ಮೆ ಅವಳಿಗೆ ಹುಟ್ಟಿನಿಂದ ಬಂದದ್ದಲ್ಲ. ಉಮಾಪತಿಯವರ ಜೊತೆ ಇಪ್ಪತ್ತೆಂಟು ವರ್ಷ ಸಂಸಾರ ಮಾಡಿ ಸಂಪಾದಿಸಿದ್ದು.

ಗದಗಿನ ಕಡೆಯ ಹುಡುಗಿ. ಹದಿನೆಂಟಕ್ಕೆ ಮದುವೆಯಾಗಿ ನಾಗಪುರಕ್ಕೆ ಬಂದಾಗ ಅವಳಿಗೆ ಮರಾಠಿಯಲ್ಲಿ ಗೊತ್ತಿದ್ದದ್ದು ‘ಹೋ’ ಮತ್ತು ‘ನಾಹೀ’, ಅಂದರೆ ಹೌದು ಮತ್ತು ಇಲ್ಲ, ಎರಡೇ. ವರ್ಷ ಕಳೆದಂತೆ ಬಜಾರಿಗೆ ಸಾಲುವಷ್ಟು ಬಂತು, ನೆರೆಮನೆಯವರೊಡನೆ ಜಗಳಕ್ಕೆ ಸಾಲುವಷ್ಟೂ ಬಂತು. ಮನೆಯಲ್ಲಿ ಮಾತ್ರ ಮೊದಲು ಕಲಿತ ಎರಡರಲ್ಲಿ ಒಂದೇ ಸಾಕಾಗುತ್ತಿತ್ತು. ಅದನ್ನು ಅವಳು ಕನ್ನಡದಲ್ಲಿ ‘ಹೂಂ ರಿ’ ಎನ್ನುತ್ತಿದ್ದಳು. ಒಬ್ಬಳೇ ಮಗಳು ವಿಜಯಾ ಹುಬ್ಬಳ್ಳಿಗೆ ಮದುವೆಯಾಗಿ ಹೋದಮೇಲೆ ಮನೆಯಲ್ಲಿ ಉಳಿದವರು ಇಬ್ಬರು: ಮಾತನಾಡುವವರೊಬ್ಬರು, ಹೂಂ ಎನ್ನುವವರೊಬ್ಬರು.

ಮಾತನಾಡುವವರು ರೈಲ್ವೆಯ ಟೈಂಟೇಬಲ್ ವಿಭಾಗದಲ್ಲಿ ಹೆಡ್‌ಕ್ಲಾರ್ಕ್. ಇಂಜಿನ್ನು ಕಲ್ಲಿದ್ದಲಿನಿಂದ ಓಡುತ್ತದೆ ಎಂದು ಜನ ತಿಳಿದಿದ್ದರೂ ತಮ್ಮ ಸಹಿಯಿಂದ ಓಡುತ್ತದೆ ಎಂಬುದು ಅವರಿಗೆ ಖಚಿತವಿತ್ತು. ಮನೆಯಲ್ಲೂ ಎಲ್ಲಕ್ಕೂ ವೇಳೆ. ಬೆಳಿಗ್ಗೆ ಐದು ಐವತ್ತಕ್ಕೆ ತಂಬಿಗೆ ಹಿಡಿದು ಹಿತ್ತಿಲ ಸಂಡಾಸಕ್ಕೆ ಅವರು ಹೊರಟರೆ ಪಕ್ಕದ ಮನೆಯವರು ಅದನ್ನು ನೋಡಿ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರಂತೆ. ಹೀಗೆಂದು ಹೇಳುತ್ತಿದ್ದವರು ಉಮಾಪತಿಯವರೇ. ಆರೂ ಕಾಲಿಗೆ ಹಿಂದಿನ ಓಣಿಯಿಂದ ಗಂಗೂಬಾಯಿ ಬಂದು, ಸಂಡಾಸದ ಗೋಡೆಯ ಸಣ್ಣ ಬಾಗಿಲು ತೆಗೆದು, ತಗಡಿನ ಡಬ್ಬಿಗೆ ಮಲ ಬಳಿದುಕೊಂಡು ಹೋಗುತ್ತಿದ್ದಳು. ಹದಿನಾಲ್ಕು ವರ್ಷದಿಂದ ಬರುತ್ತಿದ್ದವಳು. ಅವಳಿಗೂ ನೀಲಾಂಬಿಕಾಳಿಗೂ ಇದ್ದ ಮಾತು ‘ಬಾಈ, ನೀರು’ ಎಂಬುದೊಂದೇ. ಇವಳು ದೂರದಿಂದ ನೀರು ಸುರಿಯುವಳು; ಹಬ್ಬ ಹುಣ್ಣಿಮೆಗೆ ಕಲ್ಲಿನ ಮೇಲೆ ಹೋಳಿಗೆ ಇಟ್ಟು ಹಿಂದೆ ಸರಿಯುವಳು. ಎಲ್ಲರೂ ಸಮಾನರೆಂದು ದಿನಾ ಲಿಂಗಪೂಜೆಯ ಹೊತ್ತಿಗೆ ಓದುವವಳು, ಹಿತ್ತಿಲಿಗೆ ಬರುವಷ್ಟರಲ್ಲಿ ಅದನ್ನು ಮರೆತಿರುತ್ತಿದ್ದಳು.

೧೯೫೪ರ ದೀಪಾವಳಿಯ ಹೊತ್ತಿಗೆ ಉಮಾಪತಿಯವರ ಮುಖ ಬೆಳ್ಳಗಾಯಿತು. ಬೆಳ್ಳಗಾಗುವುದು ತಮ್ಮ ವಂಶದ ಲಕ್ಷಣವೆಂದು ಅವರು ಮೊದಲು ಸಂತೋಷಪಟ್ಟರು. ಆಮೇಲೆ ಆಫೀಸಿನ ಹದಿನೆಂಟು ಮೆಟ್ಟಿಲು ಹತ್ತಿದರೆ ಏದುಸಿರು ಬರತೊಡಗಿತು. ತಲೆನೋವಂತೂ ಅವರ ಹುದ್ದೆಯ ಜೊತೆಗೇ ಬಂದದ್ದು, ಅದಕ್ಕೆ ಎ.ಪಿ.ಸಿ. ಎಂಬ ಬಿಳಿ ಗುಳಿಗೆ, ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಚಹಾದ ಜೊತೆ ಒಂದು, ಆಫೀಸಿನಲ್ಲಿ ಎರಡು ಮೂರು. ಅದನ್ನು ಅವರು ಔಷಧವೆಂದು ಎಣಿಸುತ್ತಿರಲಿಲ್ಲ, ಎಲೆಅಡಿಕೆಯ ಸಾಲಿಗೆ ಸೇರಿಸಿದ್ದರು. ವೈದ್ಯರ ಬಳಿಗೆ ಹೋಗಿ ಎಂದು ಅವಳು ಹೇಳಿದ್ದಕ್ಕೆ, ವೈದ್ಯರಿಗೆ ಗೊತ್ತಿರುವುದೆಲ್ಲ ಇಂಗ್ಲಿಷ್ ಪತ್ರಿಕೆಯಲ್ಲಿ ನಾಲ್ಕಾಣೆಗೆ ಬರುತ್ತದೆ ಎಂದರು. ಅಂಥದೊಂದು ಪತ್ರಿಕೆ ಓದಿ ತಮಗಿರುವುದು ರಕ್ತದಲ್ಲಿ ಕಬ್ಬಿಣದ ಕೊರತೆ ಎಂದು ತೀರ್ಮಾನಿಸಿದರು. ಅವರ ತೀರ್ಮಾನ ಅರ್ಧ ಸರಿಯಾಗಿತ್ತು. ಕೊರತೆ ನಿಜವಾಗಿಯೂ ಇತ್ತು. ಇದ್ದದ್ದು ಎಲ್ಲಿಗೆ ಹೋಗುತ್ತಿದೆ ಎಂದು ಮಾತ್ರ ಅವರು ಕೇಳಿಕೊಳ್ಳಲಿಲ್ಲ.

ಸೀತಾಬರ್ಡಿ ಪೇಟೆಯ ಔಷಧದಂಗಡಿಯಿಂದ ಒಂದು ಸೀಸೆ ಬಂತು. ಹುಣಸೆಬೀಜದ ಬಣ್ಣದ, ಸಕ್ಕರೆ ಹೊದಿಕೆಯ, ಮಿರಿಮಿರಿ ಮಿಂಚುವ ಗುಳಿಗೆಗಳು. ದಿನಕ್ಕೆ ಮೂರು ಎಂದು ಅಂಗಡಿಯ ಕಂಪೌಂಡರ್ ದತ್ತು ಹೇಳಿದ್ದ. ಒಂದು ವಾರವಾದರೂ ಮೆಟ್ಟಿಲು ಮೊದಲಿನಷ್ಟೇ ಎತ್ತರವಿದ್ದುದರಿಂದ ಉಮಾಪತಿಯವರು ಆರು ಮಾಡಿಕೊಂಡರು. ನುಂಗುವುದಕ್ಕೂ ಒಂದು ವಿಧಿ ಇತ್ತು: ಕಣ್ಣು ಮುಚ್ಚಿ, ತಲೆ ಹಿಂದಕ್ಕೆ ಚೆಲ್ಲಿ, ಎರಡು ಗುಳಿಗೆ ಒಟ್ಟಿಗೆ ಗಂಟಲಿಗೆ ಎಸೆದು, ಮೇಲೆ ಒಂದು ಲೋಟ ನೀರು.

ಗುಳಿಗೆ ಶುರುಮಾಡಿದ ಎರಡನೆಯ ದಿನವೇ ಸಂಡಾಸದಿಂದ ಬಂದವರು ಹಾಸಿಗೆಯಲ್ಲಿ ಮಲಗಿ, ವಿಜಯಾಗೆ ತಂತಿ ಕೊಡಲು ಹೇಳಿದರು. ಹೋದದ್ದು ಕಪ್ಪಗಿತ್ತು. ನೀಲಾಂಬಿಕಾ ದತ್ತುವಿನ ಅಂಗಡಿಗೆ ಓಡಿದಳು. ಅವನು ನಕ್ಕ. ಕಬ್ಬಿಣ ನುಂಗಿದವರಿಗೆಲ್ಲ ಹಾಗೇ ಆಗುತ್ತದೆ, ನಿಲ್ಲಿಸಿದರೆ ಮೂರು ನಾಲ್ಕು ದಿನದಲ್ಲಿ ಮೊದಲಿನ ಹಾಗೆ ಆಗುತ್ತದೆ ಎಂದ. ಸುದ್ದಿ ಕೇಳಿ ಉಮಾಪತಿಯವರು ಹಾಸಿಗೆಯಿಂದ ಎದ್ದರು. ಎದ್ದವರು ಆ ಕಪ್ಪನ್ನೇ ಪದಕದಂತೆ ಹೊತ್ತು ತಿರುಗಿದರು. ಕಬ್ಬಿಣ ಮೈಗೆ ಹತ್ತಿದ ಗುರುತು ಅದು ಎಂದು ಕಾಲೊನಿಯಲ್ಲಿ ಕೇಳಿದವರಿಗೂ ಕೇಳದವರಿಗೂ ವಿವರಿಸಿದರು. ಸಂಕ್ರಮಣದ ಸಂಜೆ ಕನ್ನಡ ಸ್ನೇಹ ಮಂಡಳದಲ್ಲಿ ‘ದೇಹವೆಂಬ ರೈಲುಮಾರ್ಗ’ ಎಂಬ ಉಪನ್ಯಾಸ ಕೊಡುವುದೆಂದೂ ನಿಶ್ಚಯವಾಯಿತು. ನಿಶ್ಚಯಿಸಿದವರು ಅಧ್ಯಕ್ಷರು, ಅಧ್ಯಕ್ಷರು ಅವರೇ.

ಉಪನ್ಯಾಸಕ್ಕೆ ಮೊದಲು ಪ್ರಚಾರ ಬೇಕಲ್ಲ. ಪಕ್ಕದ ಮನೆಯ ಕಲಾವತಿಯ ಮಗಳು ವತ್ಸಲಾ ಸಪ್ಪಗಿದ್ದಾಳೆಂದು ಎಂಟು ಗುಳಿಗೆ ಪುಡಿಕೆ ಕಟ್ಟಿಕೊಟ್ಟು, ದಿನಕ್ಕೆರಡು ಎಂದರು. ಹತ್ತು ವರ್ಷದ ಹುಡುಗಿ. ಒಂದನ್ನು ನೆಕ್ಕಿ ನೋಡಿದಳು, ಸಿಹಿಯಾಗಿತ್ತು; ಎಂಟನ್ನೂ ತಿಂದಳು. ಮಧ್ಯಾಹ್ನವೆಲ್ಲ ವಾಂತಿ, ಹೊಟ್ಟೆ ಹಿಡಿದುಕೊಂಡು ಅಳು. ಸೀತಾಬರ್ಡಿಯ ಡಾಕ್ಟರ್ ಪಾಂಡರಿಪಾಂಡೆಯವರ ಬಳಿಗೆ ಎತ್ತಿಕೊಂಡು ಓಡಿದರು. ಹುಡುಗಿ ಉಳಿದುಕೊಂಡಳು. ಇಡೀ ಸೀಸೆ ಕೈಗೆ ಸಿಕ್ಕಿದ್ದರೆ ನಾನು ಏನೂ ಮಾಡುವ ಹಾಗಿರಲಿಲ್ಲ, ಇದು ಪೆಪ್ಪರಮೆಂಟಲ್ಲ, ಲೆಕ್ಕ ತಪ್ಪಿದರೆ ವಿಷ ಎಂದು ಡಾಕ್ಟರು ಅಂದರಂತೆ. ಕಲಾವತಿ ಇದನ್ನು ಬಾಗಿಲಲ್ಲಿ ನಿಂತು ನೀಲಾಂಬಿಕಾಳಿಗೆ ಹೇಳಿದಳು, ಮತ್ತು ಬೇರೆ ಕೆಲವು ಮಾತುಗಳನ್ನೂ ಹೇಳಿದಳು. ಉಮಾಪತಿಯವರು ಒಳಗಿನಿಂದಲೇ, ಹುಡುಗಿಯ ದೇಹ ಇನ್ನೂ ತಯಾರಾಗಿಲ್ಲ ಎಂದರು.

ಆ ದಿನದಿಂದ ನೀಲಾಂಬಿಕಾ ಸೀಸೆ ಕಂಡಾಗಲೆಲ್ಲ ಗುಳಿಗೆ ಎಣಿಸತೊಡಗಿದಳು. ಮಗು ಎಂಟಕ್ಕೆ ನೆಲ ಹಿಡಿದರೆ ಇವರು ದಿನಕ್ಕೆ ಆರು, ಅದೂ ಒಂದೂವರೆ ತಿಂಗಳಿಂದ. ಹೊಟ್ಟೆ ಉರಿ ಎನ್ನುತ್ತಿದ್ದರು, ಮಲಬದ್ಧತೆಯಿಂದ ಐದು ಐವತ್ತರ ಗಾಡಿ ಕೆಲವೊಮ್ಮೆ ಆರೂ ಹತ್ತಕ್ಕೆ ಬಿಡುತ್ತಿತ್ತು, ಆ ಸಿಟ್ಟೆಲ್ಲ ಸಾರಿನ ಮೇಲೆ ಬರುತ್ತಿತ್ತು. ನಿಲ್ಲಿಸಿರಿ ಎಂದು ನಾಲ್ಕು ಸಲ ಹೇಳಿದಳು. ಐದನೆಯ ಸಲ ಹೇಳಲಿಲ್ಲ. ಸಂಕ್ರಮಣಕ್ಕೆ ಇನ್ನೂ ಎರಡು ವಾರದ ಮೇಲಿತ್ತು. ಒಲೆಯ ಮೇಲೆ ಪರಾತ ಹೇಗೂ ಇತ್ತು.

ಎಳ್ಳಿನ ಬದಲು ಪುಠಾಣಿ ಹಾಕಿದಳು. ಹುರಿಗಡಲೆಯ ಆ ಕಾಳಿಗೆ ಜಿಲೇಬಿಯ ಕೆಂಪು ಬಣ್ಣ ಮತ್ತು ಕರಕು ಸಕ್ಕರೆ ಬೆರೆಸಿದ ಪಾಕ ಬಿಟ್ಟಳು. ಮೊದಲ ಬಾರಿಯದಕ್ಕೆ ಕೈಯ ಅಭ್ಯಾಸದಿಂದ ಮುಳ್ಳು ಮೂಡಿತು; ಮುಳ್ಳಿರುವ ಔಷಧ ಯಾವ ಕಂಪನಿಯೂ ಮಾಡುವುದಿಲ್ಲವೆಂದು ಅದನ್ನು ತಾನೇ ತಿಂದಳು. ಎರಡನೆಯ ಸಲ ಪಾಕ ತೆಳುಮಾಡಿ, ಕೆಂಡ ತೆಗೆದು, ಬರೀ ಬೂದಿಯ ಕಾವಿನಲ್ಲಿ ಆಡಿಸಿದಳು. ನುಣ್ಣಗೆ ಬಂತು. ತುಪ್ಪ ಸವರಿದ ಅರಿವೆಯಲ್ಲಿ ಹಾಕಿ ಉಜ್ಜಿದಾಗ ದತ್ತುವಿನ ಅಂಗಡಿಯದಕ್ಕಿಂತ ಚೆನ್ನಾಗಿ ಮಿಂಚಿತು. ಸಂಕ್ರಮಣಕ್ಕೆ ಒಂಬತ್ತು ದಿನವಿರುವಾಗ ಸೀಸೆಯಲ್ಲಿದ್ದ ನಿಜವಾದವನ್ನು ಕರಿಬೇವಿನ ಬುಡದಲ್ಲಿ ಆಳವಾಗಿ ಹೂತು, ಇವನ್ನು ತುಂಬಿದಳು. ಗಂಡನಿಗೆ ಸುಳ್ಳು ಹೇಳಿದವಳಲ್ಲ. ಆಗಲೂ ಹೇಳಲಿಲ್ಲ, ಅವರು ಕೇಳಲೇ ಇಲ್ಲ.

ಕಣ್ಣು ಮುಚ್ಚಿ, ತಲೆ ಹಿಂದಕ್ಕೆ ಚೆಲ್ಲಿ, ಉಮಾಪತಿಯವರು ಎರಡು ಪುಠಾಣಿ ನುಂಗಿದರು. ಮೂರನೆಯ ದಿನ, ಈಗ ಕಬ್ಬಿಣ ಪೂರ್ತಿ ಹತ್ತಿತು, ನರನರದಲ್ಲಿ ಚೈತನ್ಯ ಬಂದಿದೆ ಎಂದು ಘೋಷಿಸಿದರು. ನೀಲಾಂಬಿಕಾ ಸೆರಗು ಬಾಯಿಗೆ ಹಿಡಿದು ಅಡುಗೆಮನೆಗೆ ಹೋದಳು. ಬಹಳ ದಿನದ ಮೇಲೆ ನಕ್ಕಿದ್ದಳು. ಆ ನಗು ಇನ್ನು ಮೂರು ದಿನವಷ್ಟೇ ಉಳಿಯಿತು.

ಆರನೆಯ ಬೆಳಿಗ್ಗೆ ಗಂಗೂಬಾಯಿ ನೀರು ಕೇಳಲಿಲ್ಲ. ಡಬ್ಬಿ ಕೆಳಗಿಟ್ಟು ನಿಂತಳು. ಅವಳ ಮಾತು ನಾಗಪುರದ ಮರಾಠಿ. ಕನ್ನಡದಲ್ಲಿ ಹೇಳುವುದಾದರೆ ಹೀಗಿತ್ತು:

“ಬಾಈ, ಸಾಹೇಬರು ಆ ಕಬ್ಬಿಣದ ಗೋಳಿ ಇನ್ನೂ ತಗೋತಾರೇನು?”

ಕಾಲೊನಿಗೆಲ್ಲ ಗೊತ್ತಿದ್ದದ್ದು ಗಂಗೂಬಾಯಿಗೂ ಗೊತ್ತಿತ್ತು. ಯಾಕೆ ಎಂದಳು ನೀಲಾಂಬಿಕಾ.

“ಮೊದಲು ಕಲ್ಲಿದ್ದಲ ಪುಡಿ ಹಂಗ ಇರ್ತಿತ್ತು. ಒಣ, ಗಟ್ಟಿ. ಈಗ ಹತ್ತು ಹದಿನೈದು ದಿನ ಆತು, ಡಾಂಬರ ಹಂಗ ಐತಿ. ಡಬ್ಬಿಗೆ ಹತ್ತಿದ್ದು ಬಿಡೂದಿಲ್ಲ. ವಾಸನಿನೂ ಬ್ಯಾರೆ. ನಮಗ ವಾಸನಿ ಗೊತ್ತಾಗೂದಿಲ್ಲ ಬಾಈ, ಮೂಗು ಸತ್ತೈತಿ. ಇದು ಗೊತ್ತಾಗತೈತಿ.” ಡಬ್ಬಿ ಎತ್ತಿಕೊಳ್ಳುತ್ತ ಸೇರಿಸಿದಳು: “ನನ್ನ ಮೈದುನಗ ಹಿಂಗ ಆಗಿತ್ತು. ಅವ ಗೋಳಿ ಗೀಳಿ ಏನೂ ತಗೋತಿರಲಿಲ್ಲ. ಹೋಳಿ ಹಬ್ಬ ನೋಡಲಿಲ್ಲ ಅಂವ.”

ನೀಲಾಂಬಿಕಾ ಬೆರಳು ಮಡಿಸಿ ಎಣಿಸಿದಳು. ದತ್ತು ಹೇಳಿದ್ದು ಮೂರು ನಾಲ್ಕು ದಿನ. ಆರು ದಿನವಾಗಿತ್ತು. ಪುಠಾಣಿ ತಿಂದು ಯಾರಿಗೂ ಡಾಂಬರು ಹೋಗಿಲ್ಲ. ಇಡೀ ನಾಗಪುರದಲ್ಲಿ ಆ ಕಪ್ಪು ಕಬ್ಬಿಣದ್ದಲ್ಲವೆಂದು ತಿಳಿದವಳು ತಾನೊಬ್ಬಳೇ, ಯಾಕೆಂದರೆ ಆ ಕಬ್ಬಿಣ ಕರಿಬೇವಿನ ಬುಡದಲ್ಲಿತ್ತು.

ನಾಳೆ ಏನು ಬರುತ್ತದೆ ನೋಡಿ ಹೇಳು ಎಂದು ಗಂಗೂಬಾಯಿಗೆ ಹೇಳಿ ಒಳಗೆ ಬಂದಳು. ಏಳನೆಯ ದಿನ ಡಾಂಬರು. ಎಂಟನೆಯ ದಿನ ಡಾಂಬರು, ಮತ್ತು ಗಂಗೂಬಾಯಿ ಅವಳ ಮುಖ ನೋಡದೆ ಹೇಳಿದಳು.

ಈ ಎರಡು ದಿನ ನೀಲಾಂಬಿಕಾ ಮನೆಯೊಳಗೆ ಗಂಡನ ಹಿಂದೆ ನೆರಳಿನಂತೆ ಓಡಾಡಿದಳು. ಬೂಟಿನ ಲಾಡಿ ಕಟ್ಟಲು ಬಗ್ಗಿದವರು ಗೋಡೆ ಹಿಡಿದು ಏಳುತ್ತಿದ್ದರು. ಜನವರಿಯ ಚಳಿಯಲ್ಲಿ ಹಣೆಯ ಮೇಲೆ ಬೆವರು. ನಾಲಿಗೆ ಬಿಳಿ ಕಾಗದದ ಹಾಗೆ. ಡಾಕ್ಟರಿಗೆ ತೋರಿಸೋಣವೇ ಎಂದು ಅವಳು ಒಮ್ಮೆ ರೊಟ್ಟಿ ಬಡಿಸುತ್ತ ಕೇಳಿದಳು, ಒಮ್ಮೆ ಕೋಟಿಗೆ ಗುಂಡಿ ಹಚ್ಚುತ್ತ ಕೇಳಿದಳು. ಅವರು ಉಪನ್ಯಾಸದ ಹದಿನಾಲ್ಕನೆಯ ಪುಟದಲ್ಲಿದ್ದರು. ಹಳಿ ಗಟ್ಟಿಯಾಗುವಾಗ ಸ್ವಲ್ಪ ಬೆವರು ಬರುವುದು ಸಹಜ ಎಂದರು.

ಅವಳಿಗೆ ಎರಡು ಭಯ. ಒಂದು, ಇವರು ಸತ್ತುಹೋಗುತ್ತಾರೆ. ಇನ್ನೊಂದು, ತಾನು ಗುಳಿಗೆ ಬದಲಿಸಿದ್ದು ಇವರಿಗೆ ಗೊತ್ತಾಗುತ್ತದೆ. ಎರಡನೆಯದು ಸಣ್ಣದೆಂದು ಹೊರಗಿನವರಿಗೆ ಅನ್ನಿಸಬಹುದು. ಉಮಾಪತಿಯವರ ಜೊತೆ ಇಪ್ಪತ್ತೆಂಟು ವರ್ಷ ಕಳೆದವರಿಗೆ ಅಷ್ಟು ಸುಲಭವಾಗಿ ಅನ್ನಿಸುವುದಿಲ್ಲ. ತಮ್ಮ ನಂಬಿಕೆಯನ್ನು ಹೆಂಡತಿ ಪುಠಾಣಿಯಿಂದ ಮೋಸಗೊಳಿಸಿದಳೆಂದು ತಿಳಿದರೆ ಆ ಮನುಷ್ಯ ಮತ್ತೆ ಅವಳ ಕೈಯ ನೀರು ಕುಡಿಯುತ್ತಾರೆಯೇ? ರಾತ್ರಿಯ ಅಡುಗೆ ಮಾಡುತ್ತ ಅವಳು ಲೆಕ್ಕ ಹಾಕಿದಳು. ನೀರು ಕುಡಿಯದಿದ್ದರೂ ಪರವಾಗಿಲ್ಲ, ಇದ್ದರೆ ಸಾಕು ಎಂಬಲ್ಲಿಗೆ ಲೆಕ್ಕ ಬಂದು ನಿಂತಿತು.

ಸಂಕ್ರಮಣದ ಬೆಳಿಗ್ಗೆ, ಒಂಬತ್ತನೆಯ ದಿನ, ಅವರು ಸ್ನಾನ ಮಾಡಿ ದಣಿದು, ಇದನ್ನು ದಣಿವೆಂದು ಕರೆಯದೆ ಉಪನ್ಯಾಸದ ತಯಾರಿ ಎಂದು ಕರೆದು ಮಲಗಿದರು. ನೀಲಾಂಬಿಕಾ ಹನ್ನೊಂದು ಮನೆಯ ಕುಸುರೆಳ್ಳಿನ ತಾಟನ್ನು ಹಾಗೇ ಮುಚ್ಚಿಟ್ಟು, ಸೆರಗು ಹೊದ್ದು, ಜೀವನದಲ್ಲಿ ಮೊದಲ ಬಾರಿಗೆ ಒಬ್ಬಳೇ ಸೈಕಲ್ ರಿಕ್ಷಾ ಹತ್ತಿದಳು. ಹಬ್ಬದ ದಿನ ಸೀತಾಬರ್ಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಪತಂಗದ ಅಂಗಡಿ, ಕಿತ್ತಳೆಯ ರಾಶಿ, ಎಳ್ಳುಂಡೆಯವರು. ರಿಕ್ಷಾದವನು ಗಂಟೆ ಬಾರಿಸುತ್ತ ಆಮೆಯಂತೆ ಹೋದ. ಜಲ್ದಿ ಚಲೋ ಎಂದು ಅವಳು ಎಂಟು ಸಲ ಹೇಳಿದಳು.

ಡಾಕ್ಟರ್ ಪಾಂಡರಿಪಾಂಡೆಯವರಿಗೆ ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿದಳು: ಗುಳಿಗೆ, ಆರು, ವತ್ಸಲಾ, ಪುಠಾಣಿ, ಗಂಗೂಬಾಯಿ, ಡಾಂಬರು. ಪುಠಾಣಿಯ ಹತ್ತಿರ ಅವರಿಗೆ ನಗು ಬಂದಿತ್ತು. ಡಾಂಬರಿನ ಹತ್ತಿರ ಅದು ಹೋಯಿತು.

ಕಬ್ಬಿಣ ನಿಂತು ಎಷ್ಟು ದಿನವಾಯಿತು ಎಂದು ಕೇಳಿದರು. ಇವತ್ತಿಗೆ ಒಂಬತ್ತು ಎಂದಳು. ಡಾಕ್ಟರು ಪೆನ್ನು ಕೆಳಗಿಟ್ಟರು. ಬೇರೆ ಯಾವ ಔಷಧ ತೆಗೆದುಕೊಳ್ಳುತ್ತಾರೆ ಎಂದರು. ಯಾವುದೂ ಇಲ್ಲ ಎಂದಳು. ತಲೆನೋವಿಗೆ? ಅದಕ್ಕೆ ಬಿಳಿ ಗುಳಿಗೆ, ಆದರೆ ಅದು ಔಷಧವಲ್ಲ. ದಿನಕ್ಕೆ ಎಷ್ಟು? ಮೂರು, ನಾಲ್ಕು, ಆಫೀಸಿನಲ್ಲಿ ಜಗಳವಾದ ದಿನ ಐದು. ಎಷ್ಟು ವರ್ಷದಿಂದ? ಅವಳು ವಿಜಯಾಳ ಮದುವೆಯಿಂದ ಹಿಂದಕ್ಕೆ ಎಣಿಸತೊಡಗಿದಾಗ ಡಾಕ್ಟರು ಕೈಯೆತ್ತಿ ಸಾಕೆಂದರು.

ಹೊಟ್ಟೆಯೊಳಗೆ ಹುಣ್ಣಾಗಿದೆ, ಆ ಬಿಳಿ ಗುಳಿಗೆ ಅದನ್ನು ಕೆದಕುತ್ತಿದೆ, ತಿಂಗಳುಗಟ್ಟಲೆ ಅಲ್ಲಿಂದ ರಕ್ತ ಜಿನುಗುತ್ತಿದೆ, ಮುಖ ಬೆಳ್ಳಗಾದದ್ದು ಅದರಿಂದಲೇ ಎಂದು ಅವರು ಬಿಡಿಸಿ ಹೇಳಿದರು. ರಕ್ತ ಹೊಟ್ಟೆಯಲ್ಲಿ ಇಳಿದರೆ ಹೊರಗೆ ಕಪ್ಪಾಗಿಯೇ ಬರುತ್ತದೆ. ಕಬ್ಬಿಣವೂ ಕಪ್ಪು. ಒಂದು ಕಪ್ಪಿನ ಹಿಂದೆ ಇನ್ನೊಂದು ಕಪ್ಪು ಅಡಗಿ ಕೂತಿತ್ತು.

“ನೀವು ಗೋಳಿ ಬದಲಿಸದೆ ಇದ್ದಿದ್ದರೆ ನಾನೂ ಕಬ್ಬಿಣ ಅಂತಲೇ ಅನ್ನುತ್ತಿದ್ದೆ, ಬಾಈ,” ಎಂದರು. “ಈಗ ಹೋಗಿ. ನಡೆಸಬೇಡಿ, ಮಲಗಿಸಿಕೊಂಡು ಬನ್ನಿ. ಆಸ್ಪತ್ರೆಗೆ ನಾನು ಫೋನ್ ಮಾಡಿರುತ್ತೇನೆ. ಸಂಜೆವರೆಗೆ ಕಾಯಬೇಡಿ.”

ಅವಳು ಟಾಂಗಾ ಮಾಡಿಕೊಂಡು ಮನೆಗೆ ಬಂದಾಗ ಉಮಾಪತಿಯವರು ಕೋಟು ಹಾಕಿ, ರುಮಾಲು ಸುತ್ತಿ, ಕುರ್ಚಿಯಲ್ಲಿ ಕೂತಿದ್ದರು. ಕೈಯಲ್ಲಿ ಉಪನ್ಯಾಸದ ಹಾಳೆಗಳು ಅಲುಗುತ್ತಿದ್ದವು. ಗಾಳಿ ಇರಲಿಲ್ಲ.

“ಹಬ್ಬದ ದಿನ ಮನಿ ಬಿಟ್ಟು ಎಲ್ಲಿ ಹೋಗಿದ್ದಿ ನೀಲಾ?”

“ಟಾಂಗಾ ನಿಂತೈತ್ರಿ. ದವಾಖಾನಿಗೆ ಹೋಗೂಣು.”

“ಯಾರಿಗೇನಾಗೇತಿ?”

“ನಿಮಗ. ಹೊಟ್ಟ್ಯಾಗ ಹುಣ್ಣಾಗೇತಂತ. ರಕ್ತ ಹೋಗಾಕತ್ತೈತಿ. ಆ ಕರೇದು ಕಬ್ಬಿಣದ್ದಲ್ರಿ.”

ಉಮಾಪತಿಯವರು ಕರುಣೆಯಿಂದ ನಕ್ಕರು. ಏಳನೆಯ ಪುಟವನ್ನು ಹುಡುಕಿ, ಕಬ್ಬಿಣಕ್ಕೂ ಕಪ್ಪಿಗೂ ಇರುವ ಸಂಬಂಧವನ್ನು ಓದತೊಡಗಿದರು. ದಿನಕ್ಕೆ ಆರರಂತೆ ನುಂಗುತ್ತಿರುವ ಮನುಷ್ಯನಿಗೆ ಕಪ್ಪಗೆ ಹೋಗದಿದ್ದರೆ ಆಗ ಹೆದರಬೇಕು ಎಂದರು.

“ನೀವು ಒಂಬತ್ತು ದಿನದಿಂದ ಕಬ್ಬಿಣ ನುಂಗಿಲ್ರಿ,” ಎಂದಳು ನೀಲಾಂಬಿಕಾ.

ಅವರು ಓದುವುದನ್ನು ನಿಲ್ಲಿಸಲಿಲ್ಲ. ಇಂಥ ಮಾತಿಗೆ ಉತ್ತರ ಕೊಡುವುದು ಅವರ ದರ್ಜೆಗೆ ಕಡಿಮೆ. ಅವಳು ಗೂಡಿನಿಂದ ಸೀಸೆ ತೆಗೆದಳು, ಅಂಗೈ ತುಂಬ ಸುರಿದುಕೊಂಡಳು, ಒಟ್ಟಿಗೆ ಬಾಯಿಗೆ ಹಾಕಿಕೊಂಡಳು.

ಹಾಳೆಗಳು ನೆಲಕ್ಕೆ ಬಿದ್ದವು. ಲೆಕ್ಕ ತಪ್ಪಿದರೆ ವಿಷ ಎಂದು ಕಲಾವತಿ ಬಾಗಿಲಲ್ಲಿ ನಿಂತು ಹೇಳಿದ್ದನ್ನು ಉಮಾಪತಿಯವರು ಕೇಳಿಸಿಕೊಂಡೇ ಇದ್ದರೆಂಬುದು ಆಗ ತಿಳಿಯಿತು. ಉಗುಳು, ಉಗುಳು ಎನ್ನುತ್ತ ಕುರ್ಚಿಯ ಕೈ ಹಿಡಿದು ಅರ್ಧ ಎದ್ದರು. ಅವಳು ಕಟಕಟ ಅಗಿಯುತ್ತ ನಿಂತೇ ಇದ್ದಳು. ಅಗಿಯುತ್ತಲೇ ಒಂದನ್ನು ಹಲ್ಲಿನಿಂದ ಎರಡು ಮಾಡಿ ಅವರ ಅಂಗೈಯಲ್ಲಿ ಇಟ್ಟಳು. ಹೊರಗೆ ಹುಣಸೆಬೀಜದ ಬಣ್ಣ. ಒಳಗೆ ಹಳದಿ.

ಉಮಾಪತಿಯವರು ಅದನ್ನು ಉಗುರಿನಿಂದ ಕೆರೆದು ನೋಡಿದರು.

“ಪುಠಾಣಿ?”

“ಹೂಂ ರಿ. ನಾನ ಮಾಡೀನಿ.”

“ಒಂಬತ್ತು ದಿನದಿಂದ?”

“ಹೂಂ ರಿ.”

ಬೈಗುಳ ಬರಲಿಲ್ಲ. “ಹಂಗಾರ ಆ ಕರೇದು,” ಎಂದರು, ಪುಟ್ಟ ಹುಡುಗನ ದನಿಯಲ್ಲಿ.

“ಅದಕ್ಕ ಟಾಂಗಾ ತಂದೀನ್ರಿ.”

ಅವರು ಎದ್ದು ಒಂದು ಹೆಜ್ಜೆ ಇಟ್ಟರು. ಎರಡನೆಯದನ್ನು ಇಡುವಷ್ಟರಲ್ಲಿ ಮೊಣಕಾಲು ಮಡಿಚಿತು. ಟಾಂಗಾದವನೂ ಕಲಾವತಿಯೂ ಹಿಡಿದು ಹಿಂದಿನ ಸೀಟಿನಲ್ಲಿ ಮಲಗಿಸಿದರು. ಆ ದಿನ ಬಾಯಿ ಮುಚ್ಚಿಕೊಂಡು ಬಂದು ಕಾಲ ಕಡೆ ಎತ್ತಿ ಹಿಡಿದದ್ದು ಕಲಾವತಿ ಮಾಡಿದ ದೊಡ್ಡ ಉಪಕಾರ. ನೀಲಾಂಬಿಕಾ ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ದಾರಿಯುದ್ದಕ್ಕೂ ಹುಡುಗರು ಗಾಳಿಪಟದ ಹಿಂದೆ ಕೂಗುತ್ತ ಅಡ್ಡ ಓಡುತ್ತಿದ್ದರು.

ಆಸ್ಪತ್ರೆಯಲ್ಲಿ ಬೆರಳು ಚುಚ್ಚಿ ನೋಡಿದರು. ಹದಿನಾಲ್ಕು ಇರಬೇಕಾದ ಕಡೆ ರಕ್ತ ಐದು ಇತ್ತು. ಬಾಟಲಿ ರಕ್ತ ಏರಿಸಬೇಕು, ಕೊಡುವವರನ್ನು ಕರೆತನ್ನಿ ಎಂದರು. ಸುದ್ದಿ ಆಫೀಸಿಗೆ ಹೋಗಿ, ಜವಾನ ಭೀಮಪ್ಪ ಬಂದು ತೋಳು ಚಾಚಿದ. ಅವನ ಗುಂಪು ಹೊಂದಿತು. ಹಿಂದಿನ ವಾರವೇ ಉಮಾಪತಿಯವರು ಅವನನ್ನು ಮೇಜಿನ ಮುಂದೆ ನಿಲ್ಲಿಸಿ, ನಿನ್ನಂಥವರ ರಕ್ತದಲ್ಲಿ ಸತ್ವವೇ ಇಲ್ಲ ಎಂದು ಅರ್ಧ ಗಂಟೆ ಹೇಳಿದ್ದರು.

ಗಂಟೆಗೊಮ್ಮೆ ಅರ್ಧ ಲೋಟ ಹಾಲು, ನಡುವೆ ಒಂದು ಬಿಳಿ ಪುಡಿ, ಬೇರೇನೂ ಇಲ್ಲ. ನೀಲಾಂಬಿಕಾ ಕಬ್ಬಿಣದ ಮಂಚದ ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತು ಲೋಟ ಹಿಡಿಯುತ್ತಿದ್ದಳು. ಅವರು ಕುಡಿಯುತ್ತಿದ್ದರು, ಅವಳ ಕಡೆ ನೋಡುತ್ತಿರಲಿಲ್ಲ. ಎರಡು ದಿನ ಮಾತಿಲ್ಲ. ಅವಳಿಗೆ ಆ ಮೌನದ ಕಡೆ ಗಮನವೇ ಇರಲಿಲ್ಲ. ವಾರ್ಡಿನ ನರ್ಸಮ್ಮ ನಾಡಿ ಹಿಡಿಯುವುದನ್ನು ನೋಡಿ ನೋಡಿ ಅವಳೂ ಹಿಡಿಯುವುದನ್ನು ಕಲಿತಳು. ಗೋಡೆಯ ಗಡಿಯಾರದ ಮುಳ್ಳು ಒಂದು ಸುತ್ತು ಬರುವಷ್ಟರಲ್ಲಿ ನೂರಿಪ್ಪತ್ತು. ಮರುದಿನ ನೂರಹತ್ತು.

ಮೂರನೆಯ ದಿನ ಮಧ್ಯಾಹ್ನ ವಾಂತಿಯಾಯಿತು, ಕಾಫಿ ಚರಟದಂಥದು. ನಾಡಿ ಎಣಿಕೆಗೆ ಸಿಗದ ಹಾಗೆ ಓಡಿತು. ಪರದೆ ಎಳೆದರು, ಅವಳನ್ನು ಹೊರಗೆ ನಿಲ್ಲಿಸಿದರು. ಕಾರಿಡಾರಿನಲ್ಲಿ ಒಂದೂವರೆ ಗಂಟೆ ನಿಂತಳು. ಆಗ ಅವಳ ಮನಸ್ಸಿನಲ್ಲಿ ಓಡಿದ್ದು ಒಂದೇ: ಆರನೆಯ ದಿನವೇ ಹೇಳಿದ್ದರೆ? ಆ ಮೂರು ದಿನ ತಾನು ಹೆದರಿದ್ದು ಗಂಡನ ಸಿಟ್ಟಿಗೆ. ಸಿಟ್ಟು ಮಾಡುವವರೇ ಇಲ್ಲದಿದ್ದರೆ ಇನ್ನು ಯಾರಿಗೆ ಹೆದರುವುದು? ಡಾಕ್ಟರ್ ಪಾಂಡರಿಪಾಂಡೆ ಹೊರಬಂದು, ಇನ್ನೊಂದು ಬಾಟಲಿ ಏರಿಸಿದ್ದೇವೆ, ಇವತ್ತು ನಿಂತರೆ ನಿಂತಿತು, ಇಲ್ಲದಿದ್ದರೆ ಹೊಟ್ಟೆ ಕೊಯ್ಯಬೇಕು ಎಂದರು. ಅವಳು ಹೂಂ ಎನ್ನಲಿಲ್ಲ. ಕೊಯ್ದರೆ ಉಳಿಯುತ್ತಾರೆಯೇ ಎಂದು ಕೇಳಿದಳು. ಹೇಳಲಾಗದು ಎಂದರು.

ಅವತ್ತು ನಿಂತಿತು. ಐದನೆಯ ದಿನ ನಾಡಿ ತೊಂಬತ್ತಕ್ಕೆ ಇಳಿಯಿತು. ಏಳನೆಯ ದಿನ ಪರೀಕ್ಷೆ ಮಾಡಿದವರು ಕಪ್ಪು ಹೋಗಿದೆ ಎಂದರು. ಅಂದು ಸಂಜೆ ಉಮಾಪತಿಯವರು ಮೊದಲ ಬಾರಿ ಬಾಯಿ ತೆರೆದರು. ಆ ಪ್ರಶ್ನೆ ಅವರನ್ನು ಹುಣ್ಣಿಗಿಂತ ಹೆಚ್ಚು ಕೊರೆದಿತ್ತೆಂದು ಕಾಣುತ್ತದೆ.

“ಮೂರನೇ ದಿನ ನನಗ ಚೈತನ್ಯ ಬಂದಿತ್ತಲ್ಲ. ಅದು ಎಲ್ಲಿಂದ ಬಂತು?”

“ನೀವು ಬಂತು ಅಂದ್ರಿ. ಅದಕ್ಕ ಬಂತು.”

“ಮಂಡಳದಾಗ ಇದನ್ನ ಯಾರಿಗೂ ಹೇಳಬ್ಯಾಡ,” ಎಂದರು. ಆಮೇಲೆ, “ಹಾಲು ಕೊಡು,” ಎಂದರು. ಅವಳ ಕೈಯಿಂದ ಲೋಟ ತೆಗೆದುಕೊಂಡರು.

ಮೂರು ವಾರಕ್ಕೆ ಮನೆಗೆ ಬಿಟ್ಟರು. ಬಿಡುವ ದಿನ ಡಾಕ್ಟರು ಬಿಳಿ ಗುಳಿಗೆಯನ್ನು ಜನ್ಮದಲ್ಲಿ ಮುಟ್ಟುವುದಿಲ್ಲವೆಂದು ಉಮಾಪತಿಯವರಿಂದ ಮೂರು ಸಲ ಹೇಳಿಸಿದರು. ಆಮೇಲೆ ಒಂದು ಸಣ್ಣ ಪೊಟ್ಟಣ ತೆಗೆದರು. ಅದರಲ್ಲಿದ್ದದ್ದು ಕಬ್ಬಿಣದ ಗುಳಿಗೆ, ಅದೇ ಹುಣಸೆಬೀಜದ ಬಣ್ಣದ್ದು. ಹೋದ ರಕ್ತ ಮತ್ತೆ ಆಗಲು ಈಗ ಇದು ಬೇಕು, ದಿನಕ್ಕೆ ಒಂದು, ಊಟವಾದ ಮೇಲೆ, ಒಂದಕ್ಕಿಂತ ಹೆಚ್ಚಿಲ್ಲ ಎಂದರು. ಉಮಾಪತಿಯವರು ಕೈ ಮುಂದೆ ಮಾಡಿದ್ದರು. ಡಾಕ್ಟರು ಪೊಟ್ಟಣವನ್ನು ನೀಲಾಂಬಿಕಾಳ ಕೈಗೆ ಕೊಟ್ಟರು.

ಅವಳು ಅದನ್ನು ಹಿಡಿದು ನಿಂತಳು, ಹೊರಡಲಿಲ್ಲ.

“ಡಾಕ್ಟರ್ ಸಾಹೇಬ, ಇದನ್ನು ನುಂಗಿದರೆ ಮತ್ತೆ ಕಪ್ಪಗೆ ಹೋಗುತ್ತದೆ. ಒಳಗೆ ಮತ್ತೆ ಜಿನುಗಿದರೆ ನನಗೆ ಹೇಗೆ ಗೊತ್ತಾಗಬೇಕು?”

ಡಾಕ್ಟರು ಚೀಟಿಯ ಮೇಲೆ ತಾರೀಖು ಬರೆದರು. ಹದಿನೈದು ದಿನಕ್ಕೊಮ್ಮೆ ಬೆರಳು ಚುಚ್ಚಿ ನೋಡೋಣ, ರಕ್ತ ಏರುತ್ತ ಹೋಗಬೇಕು. ಏರದಿದ್ದರೆ ಗುಳಿಗೆ ನಿಲ್ಲಿಸಿ ನೋಡೋಣ ಎಂದರು. ಅಂಟಂಟಾಗಿ ಹೋದರೆ, ತಲೆ ತಿರುಗಿದರೆ, ನಾಡಿ ಓಡಿದರೆ ಆ ಗಳಿಗೆಯಲ್ಲೇ ಕರೆತನ್ನಿ ಎಂದರು. ಉತ್ತರ ಸರಿಯಾಗಿಯೇ ಇತ್ತು. ಹದಿನೈದು ದಿನವೆಂದರೆ ಎಷ್ಟು ಉದ್ದವೆಂದು ಆ ಉತ್ತರದಲ್ಲಿ ಇರಲಿಲ್ಲ.

ಟಾಂಗಾ ಸೀತಾಬರ್ಡಿಯ ನಡುವೆ ಬರುವಾಗ ಉಮಾಪತಿಯವರು ಸಡಿಲಾಗಿದ್ದ ರುಮಾಲನ್ನು ಸರಿಮಾಡಿಕೊಂಡು, ತಮ್ಮನ್ನು ಗುರುತಿಸುವವರು ಇದ್ದಾರೆಯೇ ಎಂದು ಎರಡೂ ಕಡೆ ನೋಡಿದರು. ನೀಲಾಂಬಿಕಾ ಅವರ ಮಣಿಕಟ್ಟು ಹಿಡಿದು, ತುಟಿ ಅಲುಗಿಸುತ್ತ ಎಣಿಸುತ್ತಿದ್ದಳು.

“ಮಂದಿ ನೋಡಾಕತ್ತಾರ, ನೀಲಾ. ಕೈ ಬಿಡು.”

“ಸುಮ್ಮನಿರ್ರಿ, ಲೆಕ್ಕ ತಪ್ಪತೈತಿ,” ಎಂದಳು ಅವಳು, ಮತ್ತು ಮೊದಲಿನಿಂದ ಎಣಿಸತೊಡಗಿದಳು.